ಎಲೆರಾಶಿಯ ಮೇಲಿಟ್ಟ ಡಬ್ಬಿ

ರೇಷ್ಮೆಹುಳುವನ್ನು ಕೊಲ್ಲುವ ವೈರಸ್ಸಿನ ವಂಶವಾಹಿಗಳ ಮೇಲೆ ಭಾನುಪ್ರಿಯಾ ಪಿಎಚ್‌.ಡಿ. ಮಾಡುತ್ತಿದ್ದಳು. ಲ್ಯಾಬಿನಲ್ಲಿ ಕೂತಾಗಲೆಲ್ಲ ಹುಳುಗಳು ಎಲೆ ಮೇಯುವ ಸದ್ದು ಕೇಳಿಸುತ್ತಿತ್ತು. ಅಲ್ಲಿ ಒಂದು ಹುಳುವೂ ಇರಲಿಲ್ಲ. ಫ್ರಿಜ್ಜು, ಕಂಪ್ಯೂಟರು, ಅಷ್ಟೆ. ಆದರೂ ಚರಚರ, ಚರಚರ. ಸತ್ತವು ಇನ್ನೂ ಮೇಯುತ್ತವೆಯೇ ಎಂದು ಅವಳಿಗೆ ಹೆದರಿಕೆಯಾಗುತ್ತಿತ್ತು.

ತಪ್ಪು ನಡೆದದ್ದು ಮಾರ್ಚಿನಲ್ಲಿ. ಬೆಳಿಗ್ಗೆ ದಿಬ್ಬೂರಹಳ್ಳಿಯಲ್ಲಿ, ಆ ವೈರಸ್ಸಿನಿಂದ ಬರುವ ಹಾಲುತೊಂಡೆ ರೋಗ ಬಿದ್ದ ಹುಳುಗಳನ್ನು ಡಬ್ಬಿಗೆ ತುಂಬಿಕೊಂಡಳು. ಮಧ್ಯಾಹ್ನ, ಹೋಲಿಸಿ ನೋಡಲು ಆರೋಗ್ಯದ ಹುಳು ಬೇಕೆಂದು ಜಂಗಮಕೋಟೆಯ ವೆಂಕಟರತ್ನಮ್ಮನ ಹುಳುಮನೆಗೆ ಹೋದಳು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ಗೋಣಿಚೀಲದ ಮೇಲೆ ಕಾಲೊರೆಸಿಕೊಂಡಳು, ಕೈ ತೊಳೆದಳು. ಓದಿದವಳಲ್ಲವೇ! ಬೆಳಗಿನ ಡಬ್ಬಿಯನ್ನು ಮಾತ್ರ, ಹುಳುಗಳಿಗೆ ಹಾಕಲಿದ್ದ ಹಿಪ್ಪುನೇರಳೆ ಎಲೆರಾಶಿಯ ಮೇಲಿಟ್ಟಳು.

ವಾರ ಕಳೆಯುವುದರೊಳಗೆ ಆ ಮನೆಯ ಹುಳುಗಳೆಲ್ಲ ಊದಿ, ಒಡೆದು, ಬಿಳಿ ನೀರಾಗಿ ಸೋರಿಹೋದವು. ವೆಂಕಟರತ್ನಮ್ಮ ಸೊಸೆ ಮಾಲಾಳ ಮೇಲೆ ಹರಿಹಾಯ್ದಳು. ಮುಟ್ಟಾದವರು ಹುಳುಮನೆಗೆ ಕಾಲಿಡಬಾರದೆಂಬುದು ಅಲ್ಲಿಯ ಕಟ್ಟಳೆ. ಆಳು ಬಾರದ ಒಂದು ದಿನ ಮಾಲಾ ಮುಟ್ಟಾಗಿದ್ದರೂ ಒಳಗೆ ಹೋಗಿ ಎಲೆ ಹಾಕಿದ್ದಳು. ಅಷ್ಟೇ ಸಾಕಾಯಿತು. ಅವಳನ್ನು ಕೈವಾರದ ತವರಿಗೆ ಕಳಿಸಿಬಿಟ್ಟರು.

ಭಾನುಪ್ರಿಯಾ ಆ ಮನೆಯಿಂದ ತಂದಿದ್ದ ಸತ್ತ ಹುಳುಗಳಲ್ಲಿದ್ದ ವೈರಸ್ಸಿನ ಡಿಎನ್‌ಎ ಫಲಿತಾಂಶ ಜೂನ್‌ನಲ್ಲಿ ಬಂತು. ಬೇರೆಲ್ಲೂ ಸಿಗದ ಬದಲಾವಣೆಯೊಂದು ದಿಬ್ಬೂರಹಳ್ಳಿ, ಜಂಗಮಕೋಟೆ ಎರಡೂ ಊರಿನ ವೈರಸ್ಸಿನಲ್ಲಿ ಮಾತ್ರ ಇತ್ತು. ರೋಗ ದಿಬ್ಬೂರಹಳ್ಳಿಯಿಂದ ಬಂದಿತ್ತು, ತಂದವಳು ತಾನೇ. ಗೈಡ್ ಕೇಶವ್ ಕಾಗದ ನೋಡಿ, "ಮೊದ್ಲು ಥೀಸಿಸ್ ಮುಗೀಲಿ ಕಣಮ್ಮ. ಈಗ್ಯಾಕೆ ಮೈಮೇಲೆ ಎಳ್ಕೊತೀಯ?" ಎಂದರು. ಸುಳ್ಳು ಯಾಕೆ, ಅವಳಿಗೂ ಆ ಮಾತೇ ಬೇಕಿತ್ತು. ಅವತ್ತಿನಿಂದಲೇ ಆ ಸದ್ದು ಶುರುವಾದದ್ದು.

ಡಿಸೆಂಬರಿನಲ್ಲಿ ತಡೆಯಲಾರದೆ ಕೈವಾರದ ಬಸ್ಸು ಹತ್ತಿದಳು. ಮಾಲಾ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಭಾನುಪ್ರಿಯಾ ನಿಂತಲ್ಲೇ ಎಲ್ಲ ಹೇಳಿದಳು.

"ತಪ್ಪು ನಂದು ಮಾಲಾ. ನಿಮ್ಮತ್ತೆ ಹತ್ರ ನಾನೇ ಬಂದು ಹೇಳ್ತೀನಿ. ಇವತ್ತೇ ಹೋಗಣ."

ಮಾಲಾ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು.

"ನಿಮಗೆ ಯಾವಾಗಿಂದ ಗೊತ್ತಿತ್ತಕ್ಕಾ?"

"ಜೂನ್‌ನಿಂದ."

"ಆಷಾಢ ಕಳೆದ್ಮೇಲೆ ನಮ್ಮೆಜಮಾನ್ರು ಕರ್ಕೊಂಡೋಗಕ್ಕೆ ಬಂದಿದ್ರು," ಎಂದಳು ಮಾಲಾ. "ಅವರಮ್ಮನ್ನ ಎದುರು ಹಾಕ್ಕೊಂಡು ಬಂದಿದ್ರು. ಇನ್ನೊಂದು ಸಲ ಅಷ್ಟು ಜೀವ ನನ್ನಿಂದ ಸಾಯೋದು ಬೇಡ ಅಂತ ನಾನೇ ವಾಪಸ್ ಕಳಿಸ್ದೆ. ಆಮೇಲೆ ಅವರು ಬರಲಿಲ್ಲ."