ಚಪ್ಪಟೆ ಪಿನ್ನಿನ ಫೋನು

ಸಿದ್ದಲಿಂಗನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಆದರೆ ಆ ಗುರುವಾರ ಬೆಳಿಗ್ಗೆ ಕಾರಣವೂ ದೊಡ್ಡದೇ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕುಂಬಾರವಾಡದಲ್ಲಿ ಅವನ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಹೆಸರು ಏನೆಂಬುದು ಅವನೊಬ್ಬನಿಗೇ ಗೊತ್ತು. ಹೆಂಡತಿ ಕಾಶೆವ್ವ ಅಲ್ಲಿಂದ ವಿಡಿಯೋ ಕಾಲ್ ಮಾಡಬೇಕು, ಫೋನನ್ನು ಕೂಸಿನ ಕಿವಿಗೆ ಹಿಡಿಯಬೇಕು, ದಾಂಡೇಲಿಯ ಮನೆಯಲ್ಲಿ ಕೂತ ಅಜ್ಜ ಹೆಸರು ಹೇಳಬೇಕು. ಎರಡೂ ಮನೆಯವರು ಹಾಗಂತ ಮಾತಾಡಿಕೊಂಡಿದ್ದರು. ಈಗ ನೋಡಿದರೆ ಅಜ್ಜನ ಫೋನು ಸತ್ತು ಬಿದ್ದಿತ್ತು.

ಅಜ್ಜ ತಾನೇ ಎದ್ದು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಓಣಿಯವರೂ ಕೇಳುತ್ತಿದ್ದರು, ಅವನ ಬೆನ್ನ ಹಿಂದೆ. ಮಗಳು ಸಹನಾ ಮೂರು ವರ್ಷದ ಹಿಂದೆ ಕುಂಬಾರವಾಡದ ಮರಾಠರ ಹುಡುಗ ಜ್ಯೋತಿಬಾನನ್ನು ಮೆಚ್ಚಿ ಮದುವೆಯಾಗಿದ್ದಳು. ಸಿದ್ದಲಿಂಗ ಕೂಗಾಡಿ, ನಾಲ್ಕು ತಿಂಗಳು ಮಾತು ಬಿಟ್ಟು, ಕೊನೆಗೆ ಒಪ್ಪಿದ. ಒಪ್ಪುವಾಗ ಒಂದು ಮಾತು ಆಡಿಬಿಟ್ಟ: ಆ ಮನೆಯಲ್ಲಿ ತಾನು ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಆಮೇಲೆ ಎರಡು ಸಲ ಹೋಗಿದ್ದ. ಎರಡು ಸಲವೂ ಪಡಸಾಲೆಯ ಬಾಕಿನ ಮೇಲೆ ಕೂತು, ದಾಂಡೇಲಿಯಿಂದ ಒಯ್ದ ನೀರು ಕುಡಿದು, ಸಂಜೆಯ ಬಸ್ಸಿಗೆ ತಿರುಗಿ ಬಂದಿದ್ದ. ಹೆಸರಿಡುವ ದಿನ ನೆಂಟರೆಲ್ಲ ಉಣ್ಣುವಾಗ ಅಪ್ಪನೊಬ್ಬ ಬಾಟಲಿ ಹಿಡಿದು ಕೂತರೆ ಮಗಳಿಗೆ ಅವಮಾನ. ಉಂಡರೆ ಅವನ ಮಾತು ಹೋಗುತ್ತದೆ. ಅದಕ್ಕೇ ಈ ಫೋನಿನ ಏರ್ಪಾಡು.

ಫೋನು ಅಣ್ಣನ ಮಗ ಮೌನೇಶ ಕೊಟ್ಟದ್ದು. ಮೌನೇಶ ಗೋವಾದಿಂದ ಹಡಗು ಹತ್ತಿ ಕೆಲಸಕ್ಕೆ ಹೋಗುವವನು. ಯಾವುದೋ ದೇಶದ ಬಂದರಿನಲ್ಲಿ ಕೊಂಡು, ಎರಡು ವರ್ಷ ಬಳಸಿ, ಕಾಕನಿಗೆ ದಾಟಿಸಿದ್ದ. ನೋಡಲು ಬಲು ಚೆಂದ. ಆದರೆ ಅದರ ಚಾರ್ಜರಿನ ಪಿನ್ನು ಚಪ್ಪಟೆ, ಒಂದು ಮೂಲೆ ಓರೆ. ಅಂಥ ಪಿನ್ನು ಆ ಕಂಪನಿಯೊಂದನ್ನು ಬಿಟ್ಟರೆ ಲೋಕದಲ್ಲಿ ಯಾರೂ ಮಾಡುವುದಿಲ್ಲ. ಸಿಮ್ಮಾದರೂ ತೆಗೆದು ಬೇರೆ ಫೋನಿಗೆ ಹಾಕೋಣವೆಂದರೆ ಅದರಲ್ಲಿ ಸಿಮ್ ಕಾರ್ಡೇ ಇಲ್ಲ, ನಂಬರನ್ನು ಒಳಗೇ ಕೂಡಿಸಿಬಿಟ್ಟಿದ್ದಾರೆ. ನೆರೆಯವರ ಫೋನು ಬೇಡಿಕೊಳ್ಳಬಹುದಿತ್ತು, ಆದರೆ ಕಾಶೆವ್ವನ ನಂಬರಾಗಲಿ ಸಹನಾಳದಾಗಲಿ ಅವನಿಗೆ ಬಾಯಿಪಾಠ ಇರಲಿಲ್ಲ. ಎರಡೂ ಸತ್ತ ಫೋನಿನ ಹೊಟ್ಟೆಯಲ್ಲಿದ್ದವು. ಅಳಿಯನ ನಂಬರನ್ನು ಅವನು ಕೇಳಿಯೇ ಇರಲಿಲ್ಲ.

ಗೋಡೆಯ ಮೊಳೆಗೆ ಒಂದು ಬಿಳಿ ಚಾರ್ಜರು ತೂಗುತ್ತಿತ್ತು. ಅದು ಕಾಶೆವ್ವನದು. ಸೋಮವಾರ ಹೋಗುವಾಗ ಆ ಪುಣ್ಯಾತಗಿತ್ತಿ ತನ್ನದನ್ನು ಇಲ್ಲಿ ಬಿಟ್ಟು ಗಂಡನದನ್ನು ಒಯ್ದಿದ್ದಳು.

"ಕಣ್ಣ ಇಲ್ಲೇನ ಇಕಿಗೆ," ಎಂದು ಅವನು ಖಾಲಿ ಮನೆಗೆ ಹೇಳಿದ.

ಆಮೇಲೆ ಅವನು ಮಾಡಿದ್ದು ಮೂವತ್ತನಾಲ್ಕು ವರ್ಷ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ಮಾತ್ರ ಮಾಡುವ ಕೆಲಸ. ಹಲಗೆಯ ಪೆಟ್ಟಿಗೆಯಿಂದ ಸಣ್ಣ ಅರ ತೆಗೆದ. ಕೂಡದ್ದನ್ನು ಕೂಡಿಸುವುದೇ ಅವನ ಹೊಟ್ಟೆಪಾಡಾಗಿತ್ತು. ಹನ್ನೆರಡರ ಬೋಲ್ಟಿಗೆ ಹನ್ನೆರಡರ ನಟ್ಟು ಕೂಡಲೇಬೇಕು, ಬೋಲ್ಟು ಬೆಳಗಾವಿಯದಾದರೇನು, ನಟ್ಟು ಜರ್ಮನಿಯದಾದರೇನು. ಒಂದು ಕೂದಲೆಳೆ ಹೆಚ್ಚುಕಡಿಮೆ ಇದ್ದರೆ ಅರ ಇದೆ. ಕಾಶೆವ್ವನ ಚಾರ್ಜರಿನ ಪಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾಲಿಗೆ ಕಚ್ಚಿಕೊಂಡು, ಕಾಲು ಗಂಟೆ ಉಜ್ಜಿದ. ಪಿನ್ನು ತೆಳ್ಳಗಾಯಿತು, ಓರೆಯಾಯಿತು, ಫೋನಿನೊಳಗೆ ಅರ್ಧ ಹೋಯಿತು. ಇನ್ನೆರಡು ಸಲ ಉಜ್ಜುವುದರೊಳಗೆ ಅದರ ತುದಿ ಮುರಿದು ಕೈಗೆ ಬಂತು. ಈಗ ಮನೆಯಲ್ಲಿ ಯಾವ ಫೋನಿಗೂ ಚಾರ್ಜರ್ ಇರಲಿಲ್ಲ.

ಅಂಗಿ ತೊಟ್ಟು ಬಜಾರಕ್ಕೆ ನಡೆದ. ಮೊದಲ ಅಂಗಡಿ ಬಾಗಿಲು ತೆರೆದಿರಲಿಲ್ಲ. ಎರಡನೆಯದರಲ್ಲಿ ಗೋಡೆಯ ತುಂಬ ವಯರುಗಳು ಬಳ್ಳಿ ಬಳ್ಳಿಯಾಗಿ ಇಳಿಬಿದ್ದಿದ್ದವು. ಅಂಗಡಿಯವನು ಫೋನನ್ನು ತಿರುಗಿಸಿ ನೋಡಿ ನಕ್ಕ.

"ಈ ಪಿನ್ನ ನಮ್ಮಲ್ಲಿ ಬರೂದಿಲ್ಲರಿ. ಈಗ ಎಲ್ಲಾ ಸಿ ಪಿನ್ನ ಆಗೇತಿ. ಒಂದ ವಯರಿಗೆ ಊರಾಗಿನ ಫೋನೆಲ್ಲಾ ನಡೀತಾವ, ನಿಮ್ಮದೊಂದ ಬಿಟ್ಟು."

"ತರಸಿಕೊಡ್ರಿ."

"ತರಸಬಹುದ್ರಿ. ಎಂಟ ದಿನ ಆಗತೈತಿ."

ಎಂಟು ದಿನಕ್ಕೆ ಕೂಸಿಗೆ ಹಲ್ಲೇ ಬಂದೀತು ಎಂದುಕೊಂಡ ಸಿದ್ದಲಿಂಗ. ಹೇಳಲಿಲ್ಲ, ಹೇಳಿದರೆ ದನಿ ಏರುತ್ತಿತ್ತು.

ಬಸ್ ನಿಲ್ದಾಣದ ಎದುರು ಲೋಕೇಶನ ರಿಪೇರಿ ಅಂಗಡಿ. ಲೋಕೇಶನ ಅಪ್ಪ ಕಾರ್ಖಾನೆಯಲ್ಲಿ ಸಿದ್ದಲಿಂಗನ ಜೊತೆ ಒಂದೇ ಪಾಳಿಯಲ್ಲಿ ಇದ್ದವನು. ಆದ್ದರಿಂದ ಲೋಕೇಶ ನಗಲಿಲ್ಲ. ಹರಕು ಸಾಮಾನಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಬೆರಳಾಡಿಸಿ, ತುಂಡು ವಯರಿನ ಒಂದು ಚಪ್ಪಟೆ ಪಿನ್ನನ್ನು ಹುಡುಕಿ ತೆಗೆದ. ಯಾರೋ ಪ್ರವಾಸಿ ಬಿಟ್ಟು ಹೋದದ್ದು, ನಕಲಿ ಮಾಲು. ಅದರ ವಯರು ಸುಲಿದು, ತನ್ನ ಚಾರ್ಜರಿನ ವಯರಿಗೆ ಕೆಂಪಿಗೆ ಕೆಂಪು, ಕರಿಗೆ ಕರಿ ಬೆಸೆದು, ಫೋನಿಗೆ ಚುಚ್ಚಿದ. ಪಿನ್ನು ಸಲೀಸಾಗಿ ಕೂತಿತು. ಸಿದ್ದಲಿಂಗನ ಎದೆ ಹಗುರಾಯಿತು. ಪರದೆ ಬೆಳಗಿತು. ಅದರ ಮೇಲೆ ಒಂದು ವಯರಿನ ಚಿತ್ರ, ಚಿತ್ರದ ಮೇಲೆ ಅಡ್ಡ ಕೆಂಪು ಗೆರೆ. ಒಂದು ಕ್ಷಣಕ್ಕೆ ಪರದೆ ಮತ್ತೆ ಕಪ್ಪಾಯಿತು.

"ಕರೆಂಟ ಬರಾಕತ್ತಿಲ್ಲೇನೋ?"

"ಬರಾಕತ್ತೈತ್ರಿ ಕಾಕಾ. ಐದ ವೋಲ್ಟ್, ಬರೋಬ್ಬರಿ ಐತಿ." ಲೋಕೇಶ ಮೀಟರಿನ ಮುಳ್ಳು ತೋರಿಸಿದ. "ಬಾಗಲತನಕ ಹೋಗೇತಿ. ಒಳಗ ಒಂದ ಸಣ್ಣ ಚಿಪ್ಪ ಇರತೈತಿ. ಅದು ವಯರಿಗೆ ನೀ ಯಾರ ಪೈಕಿ ಅಂತ ಕೇಳತೈತಿ. ತಮ್ಮ ಕಂಪನೀದಲ್ಲಂದ್ರ ತಗೊಳ್ಳೂದಿಲ್ಲ."

ಸಿದ್ದಲಿಂಗನ ತಲೆ ಕೆಟ್ಟಿತು. ಪಿನ್ನು ಕೂಡಿದೆ, ವೋಲ್ಟೇಜು ಸರಿ ಇದೆ, ಆದರೂ ಬೇಡ ಅನ್ನುತ್ತದೆ. ಇಂಥ ಹಟಮಾರಿ ಯಂತ್ರವನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

"ಹಸದು ಸಾಯಾಕತ್ತೈತಿ," ಎಂದ, ಫೋನನ್ನು ಮೇಜಿನ ಮೇಲೆ ಕುಕ್ಕಿ. "ಮುಂದ ತಾಟ ಇಟ್ಟರ, ಯಾರ ಅಡಗಿ ಮಾಡ್ಯಾರ ಅಂತ ಕೇಳತೈತಲ್ಲೋ ಇದು. ಅನ್ನ ಅನ್ನ ಅಲ್ಲೇನು? ಇಷ್ಟ ಸೊಕ್ಕ ಎಲ್ಲಿಂದ ಬಂತ ಇದಕ್ಕ?"

ಲೋಕೇಶ ಬೆಸುಗೆಯ ಕಡ್ಡಿಯನ್ನು ಬಟ್ಟೆಗೆ ಒರೆಸುತ್ತ ಕೂತ. ಅವನು ಸಹನಾಳ ಜೊತೆ ಶಾಲೆಗೆ ಹೋದವನು, ಅವಳ ಮದುವೆಯಲ್ಲಿ ಬಡಿಸಿದವನು; ಅವಳ ಈಗಿನ ನಂಬರು ಅವನಲ್ಲಿ ಇರದಿದ್ದರೂ ಸಿದ್ದಲಿಂಗನ ಮಾತೂ ಬಾಟಲಿಯೂ ಅವನಿಗೆ ಗೊತ್ತಿದ್ದವು.

"ಏನ ಮಾಡೂದ್ರಿ ಕಾಕಾ," ಎಂದ ಕೊನೆಗೆ. "ಕಟ್ಟಿದವ್ರು ಹಂಗ ಕಟ್ಟಿರತಾರ."

ಸಿದ್ದಲಿಂಗ ಅವನ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಸಿದ್ದಲಿಂಗನ ಕಿವಿಗಳು ಮಾತ್ರ ಬಿಸಿಯಾದವು.

"ಕುಂಬಾರವಾಡದ ಬಸ್ಸ ಎಷ್ಟಕ್ಕೋ?"

"ಹತ್ತಕ್ಕ. ಅದ ಬಿಟ್ಟರ ಸಂಜೀಕ."

"ಹೋಗಿ ನನ್ನ ಚಾರ್ಜರ್ ತರತೇನಿ," ಎಂದ ಸಿದ್ದಲಿಂಗ. ಚಾರ್ಜರಿಗಾಗಿಯೇ ಹೊರಟವನ ಹಾಗೆ ಬಿರಬಿರನೆ ರಸ್ತೆ ದಾಟಿದ. ಅವಸರದಲ್ಲಿ ನೀರಿನ ಬಾಟಲಿ ತರಲಿಲ್ಲ.

ಬಸ್ಸು ಹತ್ತಕ್ಕೆ ಹೊರಡಲಿಲ್ಲ, ಹತ್ತೂಕಾಲಿಗೆ ಹೊರಟಿತು. ಜೋಯಿಡಾದಲ್ಲಿ ನಿಂತದ್ದು ನಿಂತೇಬಿಟ್ಟಿತು. ಡ್ರೈವರನ ಪಕ್ಕದಲ್ಲಿ ಫೋನಿಗೆ ಕರೆಂಟು ಕೊಡುವ ಒಂದು ತೂತು, ಅದಕ್ಕೊಂದು ಉದ್ದ ವಯರು. ಕಂಡಕ್ಟರು ತನ್ನ ಫೋನು ತೆಗೆದು ವಯರನ್ನು ಹಿಂದಿನ ಸೀಟಿನ ಹೆಂಗಸಿಗೆ ಕೊಟ್ಟ. ಅವಳು ಹತ್ತು ನಿಮಿಷ ಹಾಕಿಕೊಂಡು ಬದಿಯ ಮುದುಕನಿಗೆ ದಾಟಿಸಿದಳು. ಮುದುಕ ಸಿದ್ದಲಿಂಗನ ಕೈಯಲ್ಲಿದ್ದ ಫೋನು ನೋಡಿ, "ಹಾಕೋತೀರೇನು?" ಎಂದು ವಯರನ್ನು ಚಾಚಿದ.

"ನಂದಕ್ಕ ನಡ್ಯೂದಿಲ್ರಿ."

ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು, ಯಾಕೆಂದು ಕೂಡಲೇ ತಿಳಿಯಲಿಲ್ಲ. ಕಿಟಕಿಯ ಕಡೆ ತಿರುಗಿದ. ಆಗ ಸೋಮವಾರದ ಬೆಳಗು ನೆನಪಾಯಿತು. ನೀ ಮರೆತೇ ಮರೀತಿ ಎಂದು ಕಾಶೆವ್ವನನ್ನು ಗದರಿ, ಮೊಳೆಯಿಂದ ಚಾರ್ಜರ್ ತೆಗೆದು, ವಯರನ್ನು ಅಚ್ಚುಕಟ್ಟಾಗಿ ಸುತ್ತಿ, ನೂಲು ಕಟ್ಟಿ, ಅವಳ ಚೀಲಕ್ಕೆ ಹಾಕಿದವನು ತಾನೇ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಅವಳ ಫೋನಿಗೆ ಬೀಗರ ಮನೆಯ ವಯರೂ ನಡೆಯುತ್ತದೆ.

ಕುಂಬಾರವಾಡ ತಲುಪಿದಾಗ ಕೈಗಡಿಯಾರದಲ್ಲಿ ಹನ್ನೆರಡೂ ಐವತ್ತು. ನಿಲ್ದಾಣದಲ್ಲಿ ಜ್ಯೋತಿಬಾ ಬೈಕಿಗೆ ಒರಗಿ ನಿಂತಿದ್ದ.

"ಫೋನ್ ಬಂದ್ ಬರಾಕತ್ತಿತ್ತು ಮಾಮಾ. ಬಸ್ಸಿಗೆ ಬಂದ್ರೂ ಬರಬಹುದಂತ ನಿಂತೆ."

"ಹೆಸರ ಇಟ್ಟಿರಿಲ್ಲ?"

"ನೀವು ಹೇಳದ ಹೆಂಗ ಇಡೂದ್ರಿ?"

ಪಡಸಾಲೆಯ ತುಂಬ ಜನ. ಮೂರು ಹೊತ್ತಿನ ಅಡಿಗೆಯಷ್ಟು ವಾಸನೆ, ಆದರೆ ಯಾರೂ ಉಂಡಿರಲಿಲ್ಲ. ಹೆಸರಿಡದೆ ತಾಟು ಹಾಕಬಾರದು ಎಂದು ಜ್ಯೋತಿಬಾನ ತಾಯಿ ಸಕ್ಕುಬಾಯಿ ಎಲ್ಲರನ್ನೂ ತಡೆದು ಕೂಡಿಸಿದ್ದಳು. ಸಣ್ಣ ಮಕ್ಕಳು ಹಸಿದು ರಾಗ ತೆಗೆಯುತ್ತಿದ್ದರು. ಕಾಶೆವ್ವ ಗಂಡನನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬರ್ರಿ ಬೀಗರ, ಬಸಾ," ಎಂದಳು ಸಕ್ಕುಬಾಯಿ, ತೊಟ್ಟಿಲ ಪಕ್ಕದ ಮಣೆ ತೋರಿಸಿ. ಬಾಕಿನ ಕಡೆ ಅವಳು ಕೈ ಮಾಡಲಿಲ್ಲ.

ಸಿದ್ದಲಿಂಗ ಕೂಸಿನ ಕಿವಿಗೆ ಬಗ್ಗಿದ. ಹುಟ್ಟಿ ಮೂರು ತಿಂಗಳು ದಾಂಡೇಲಿಯಲ್ಲಿ ಅವನ ಎದೆಯ ಮೇಲೇ ಮಲಗಿದ ಕೂಸು, ಅಜ್ಜನ ಮೀಸೆ ಹಿಡಿಯಿತು. ಶಾಂತಾದೇವಿ ಎಂದು ತನ್ನ ತಾಯಿಯ ಹೆಸರನ್ನು ಮೂರು ಸಲ ಹೇಳಿದ. ಫೋನಿನಲ್ಲಿ ಹೇಳಿದ್ದರೆ ಈ ಕಿವಿ ಇಷ್ಟು ಬೆಚ್ಚಗಿದೆ ಎಂದು ಗೊತ್ತಾಗುತ್ತಿರಲಿಲ್ಲ.

ತಾಟುಗಳು ಬಂದವು. ಜನ ಸಾಲಾಗಿ ಕೂತರು. ಜ್ಯೋತಿಬಾ ಕಾಶೆವ್ವನ ಚೀಲದಿಂದ ನೂಲು ಕಟ್ಟಿದ ಚಾರ್ಜರ್ ತೆಗೆದು ಮಾವನ ಫೋನನ್ನು ಗೋಡೆಗೆ ಹಚ್ಚಿದ. ಸಹನಾ ಅಪ್ಪನ ಮುಂದೆ ಒಂದು ಕಾಗದ ಹಾಸಿ, ಎರಡು ಬಾಳೆಹಣ್ಣು ಇಟ್ಟು, ಅಂಗಡಿಯ ನೀರಿನ ಬಾಟಲಿ ಇಟ್ಟಳು. ಅದನ್ನು ಇನ್ನೂ ಯಾರೂ ತೆರೆದಿಲ್ಲವೆಂದು ಅವನಿಗೆ ಕಾಣಲಿ ಎಂದು ಮುಚ್ಚಳದ ಪಟ್ಟಿಯನ್ನು ಅವನ ಕಡೆಗೇ ತಿರುಗಿಸಿದಳು.

"ನೀವು ಬಂದ್ರೂ ಬರಬಹುದಂತ ನಿನ್ನೆನ ತರಸಿಟ್ಟಿದ್ದೆ ಅಪ್ಪಾ. ನಮ್ಮವರು ಯಾರೂ ಮುಟ್ಟಿಲ್ಲ."

ಅವಳು ಅದನ್ನು ಕೊಂಕಿನಿಂದ ಹೇಳಿರಲಿಲ್ಲ. ಊರ ಅಂಗಡಿಯಲ್ಲಿ ಸಿಕ್ಕದೆ ಹೋದೀತೆಂದು ಮೊದಲೇ ತರಿಸಿಟ್ಟ ಕಾಳಜಿಯಿಂದ ಹೇಳಿದ್ದಳು. ಸಿದ್ದಲಿಂಗನಿಗೆ ಬೆಳಿಗ್ಗೆಯಿಂದ ಬೈದದ್ದೆಲ್ಲ ಯಾರಿಗೆ ಬೈದದ್ದು ಎಂದು ಈಗ ಪೂರ್ತಿ ತಿಳಿಯಿತು, ಮತ್ತು ತನ್ನ ಮೇಲೆ ತನಗೇ ಹೇಸಿಕೆಯಾಯಿತು. ಮೂರು ವರ್ಷ ಈ ಹುಡುಗಿ ಅಪ್ಪನಿಗೊಂದು ಬೇರೆ ಪಿನ್ನು ಹುಡುಕುತ್ತ ಬಂದಿದ್ದಳು.

ಅವನು ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಇದು ಬ್ಯಾಡ ಸಹನಾ. ಕೊಡದಾಗಿನ ನೀರ ಕೊಡು."

ಸಾಲಿನಲ್ಲಿ ಕೂತವರು ತಿರುಗಿ ನೋಡಿದರು. ಸಹನಾ ಅಲುಗಲಿಲ್ಲ. "ಬಾಟ್ಲಿ ಐತಲ್ಲ ಅಪ್ಪಾ," ಎಂದಳು ಮೆಲ್ಲಗೆ, ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯದೆ.

"ಬಾಟ್ಲಿ ಇರಲಿ. ನೀರಡಿಸೇನಿ. ಬೆಳಿಗ್ಗಿಂದ ಕುಡದಿಲ್ಲ."

ಸಕ್ಕುಬಾಯಿಯೇ ಎದ್ದು ಒಳಗೆ ಹೋಗಿ, ಕೊಡದಿಂದ ತುಂಬಿದ ಹಿತ್ತಾಳೆಯ ಚೊಂಬನ್ನು ತಂದು ಸೊಸೆಯ ಕೈಗೆ ಕೊಟ್ಟಳು. ಸಹನಾ ಅಪ್ಪನಿಗೆ ಕೊಡುವಾಗ ಒಂದಿಷ್ಟು ಅವನ ಧೋತರದ ಮೇಲೆ ಚೆಲ್ಲಿತು. ಅವನು ಉಳಿದದ್ದನ್ನು ನಿಲ್ಲಿಸದೆ ಕುಡಿದ. ಖಾಲಿ ಚೊಂಬನ್ನು ಮತ್ತೆ ಮಗಳ ಮುಂದೆ ಹಿಡಿದ.

"ಇನ್ನೊಂದೀಟ ಹಾಕು. ಮತ್ತ ನನಗೂ ಒಂದ ತಾಟ ತಾ."