ಬಾಲದ ಮೇಲಿನ ನೇರಳೆ ಗೆರೆ

ಅಪ್ಪನ ಬಡಗಿ ಶೆಡ್ಡಿನಲ್ಲಿ ತುಂಬಿರುತ್ತಿದ್ದ ಹಸಿ ಮರದ ಹೊಟ್ಟಿನ ವಾಸನೆ, ಪ್ರಯೋಗಾಲಯದ ಇಲಿಮನೆಯ ಬಾಗಿಲು ತೆರೆದಾಗಲೆಲ್ಲ ಅವಳ ಮೂಗಿಗೆ ಬಡಿಯುತ್ತಿತ್ತು. ಪಂಜರಗಳಿಗೂ ಅದೇ ಹೊಟ್ಟನ್ನು ಹಾಸುತ್ತಿದ್ದರು. ಬಹುಶಃ ಆ ವಾಸನೆಯ ದೆಸೆಯಿಂದಲೇ ಅವಳು ಆರು ವರ್ಷ ಇಲಿಗಳಿಗೆ ಚುಚ್ಚುತ್ತ ಅಲ್ಲೇ ಉಳಿದಿದ್ದಳು. ಎಲ್ಲರೂ ಅವಳನ್ನು ‘ಸೂಜಿ’ ಎನ್ನುತ್ತಿದ್ದರು. ಪಂಜರ ತೊಳೆದು ಕಾಳು-ನೀರು ಇಡುವ ಮುದುಕ ‘ಇಲಿತಾತ’.

ಸೊಳ್ಳೆಯಿಂದ ಹರಡುವ ಜ್ವರಕ್ಕೆ ಮಾಡಿದ್ದ ಹೊಸ ಲಸಿಕೆ ರಕ್ತದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯಗಳನ್ನು ಹೆಚ್ಚೇನೂ ಹುಟ್ಟಿಸುತ್ತಿರಲಿಲ್ಲ. ಆದರೂ ವೈರಸ್ಸು ಕೊಟ್ಟ ಇಲಿಗಳು ಬದುಕುತ್ತಿದ್ದವು. ಅವನ್ನು ಕಾಪಾಡುತ್ತಿರುವುದು ಟಿ ಕೋಶಗಳೇ ಎಂದು ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡ ಮೇಡಂ ಹೇಳುತ್ತಿದ್ದರು. ಅದನ್ನು ತೋರಿಸಬೇಕಾದರೆ ಲಸಿಕೆ ಪಡೆದ ಹತ್ತು ಇಲಿಗಳ ಟಿ ಕೋಶಗಳನ್ನು ಔಷಧಿ ಚುಚ್ಚಿ ಅಳಿಸಿ, ಆಮೇಲೆ ವೈರಸ್ಸು ಕೊಡಬೇಕು.

“ಆ ಕೋಶಗಳು ಏನ್ ಮಾಡ್ತವಮ್ಮ?” ಎಂದು ಇಲಿತಾತ ಕೇಳಿದ್ದ.

“ವೈರಸ್ಸು ಹೊಕ್ಕಿರೋ ನಮ್ಮದೇ ಜೀವಕೋಶನ ಹುಡುಕಿ ಕೊಲ್ತವೆ ತಾತ.”

“ಕಳ್ಳ ಹೊಕ್ಕ ಅಂತ ಮನೇನೇ ಸುಡೋದು! ನಮ್ಮ ದೊಡ್ಡ ಮೇಡಂ ಥರ ಅನ್ನು.”

ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಿದ್ದರು.

ಒಂಬತ್ತು ಇಲಿಗಳು ವಾರದೊಳಗೆ ಸತ್ತವು. ಹತ್ತನೆಯದು, ಜೊತೆಯವುಗಳಿಂದ ಬಾಲ ಕಚ್ಚಿಸಿಕೊಂಡಿದ್ದ ಪುಟಾಣಿ, ಹಾಯಾಗಿ ಕಾಳು ಮೆಲ್ಲುತ್ತ ಕೂತಿತ್ತು.

“ಚುಚ್ಚಿದ್ಯೋ, ನಿದ್ದೆ ಹೊಡೆದ್ಯೋ?” ಮೇಡಂ ಎಲ್ಲರೆದುರೇ ಕೇಳಿದರು.

“ಚುಚ್ಚಿದೀನಿ ಮೇಡಂ. ಚುಚ್ಚಿದ ಒಂದೊಂದರ ಬಾಲಕ್ಕೂ ನೇರಳೆ ಗೆರೆ ಎಳೀತೀನಿ. ಇದಕ್ಕೂ ಇದೆ, ನೋಡಿ.”

“ಹಾಗಿದ್ರೆ ನನ್ನ ಎರಡು ವರ್ಷದ ಕೆಲಸ ಸುಳ್ಳು. ಅದರ ಒಳಗೆ ಏನಿದೆ ನೋಡು. ಟಿ ಕೋಶ ಸಿಕ್ಕಿದ್ರೆ ನಾಳೆಯಿಂದ ಈ ಕಡೆ ಮುಖ ಹಾಕಬೇಡ.”

ಇಲಿತಾತ ಪಂಜರವನ್ನು ಎದೆಗವಚಿಕೊಂಡು ನಿಂತಿದ್ದ. “ಬಾಲದ ತುದಿಯಿಂದ ಒಂದು ಹನಿ ರಕ್ತ ತಗೊಂಡ್ರೆ ಸಾಲಲ್ವೇನಮ್ಮ? ಅಷ್ಟೂ ಸತ್ತರೂ ಇದೊಂದು ಉಳ್ಕೊಂಡಿದೆ.”

ಸಾಲುತ್ತಿತ್ತು. ಆದರೆ ಮೇಡಂ ಬಾಯಿ ಮುಚ್ಚಿಸುವಂಥ ಉತ್ತರ ಅವಳಿಗೆ ಬೇಕಿತ್ತು. ಇಲಿಯನ್ನು ಕೊಯ್ದು, ಟಿ ಕೋಶಗಳು ತುಂಬಿರುವ ಗುಲ್ಮವನ್ನೇ ತೆಗೆದು ತೋರಿಸಿದರೆ ಯಾರೂ ಸೊಲ್ಲೆತ್ತುವಂತಿಲ್ಲ.

“ಸಾಲಲ್ಲ ತಾತ.”

ಕೊಲ್ಲುವ ಕೆಲಸವೂ ಇಲಿತಾತನದೇ. ಅವನು ಗ್ಯಾಸಿನ ಪೆಟ್ಟಿಗೆಯೊಳಗೆ ಪುಟಾಣಿಯದೇ ಪಂಜರದ ಒಂದು ಹಿಡಿ ಹೊಟ್ಟು ಹಾಸಿದ. ಗೊತ್ತಿರುವ ವಾಸನೆ ಇದ್ದರೆ ಹೆದರುವುದಿಲ್ಲ ಎಂದ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತ.

ಕೋಶ ಎಣಿಸುವ ಯಂತ್ರದ ಪರದೆಯಲ್ಲಿ ಖಾಲಿ ಇರಬೇಕಾಗಿದ್ದ ಮೂಲೆಯಲ್ಲಿ ಟಿ ಕೋಶಗಳ ಚುಕ್ಕೆಗಳು ಇರುವೆ ಮುತ್ತಿದ ಹಾಗೆ ದಟ್ಟವಾಗಿದ್ದವು. ಅವಳು ಪರದೆಯನ್ನು ಮೇಡಂ ಕಡೆ ತಿರುಗಿಸಿದಳು.

ಮೇಡಂ ಚಪ್ಪಾಳೆ ತಟ್ಟಿದರು. “ಕೋಶ ಹೋದವು ಸತ್ತವು, ಇದ್ದದ್ದು ಬದುಕಿತು! ನನ್ನ ಮಾತೇ ನಿಜ. ನಿನ್ನ ತಪ್ಪೂ ಕೆಲಸಕ್ಕೆ ಬಂತಲ್ಲೇ. ಕೀಲಿಕೈ ಮೇಜಿನ ಮೇಲಿಟ್ಟು ಹೋಗು.”

ತನ್ನ ಕೋಟು ತೆಗೆದುಕೊಳ್ಳಲು ಅವಳು ಇಲಿಮನೆಗೆ ಹೋದಳು. ಇಲಿತಾತನ ಕಪಾಟಿನಲ್ಲಿ, ಚಹಾದ ಲೋಟದ ಪಕ್ಕ, ಒಂದು ಸಣ್ಣ ಶೀಶೆ ಕಂಡಿತು. ಒಳಗೆ ನೇರಳೆ ಬಣ್ಣ.

“ಇದೇನು ತಾತ?”

“ಗಾಯದ ಔಷಧಿ. ಪುಟಾಣಿ ಬಾಲ ಕಚ್ಚಿಬಿಟ್ಟಿದ್ವಲ್ಲ, ಪಾಪ. ನೀನು ಚುಚ್ಚೋಕೆ ಬರೋ ಮುಂಚೆ ಹಚ್ಚಿದ್ದೆ. ಯಾಕಮ್ಮ?”

ಚುಚ್ಚಿದ ದಿನ ಹತ್ತೂ ಬಾಲಗಳಲ್ಲಿ ನೇರಳೆ ಕಂಡು, ಎಲ್ಲಕ್ಕೂ ಚುಚ್ಚಿಯಾಯಿತೆಂದು ಅವಳು ಪಂಜರ ಮುಚ್ಚಿದ್ದಳು. ಸಿರಿಂಜಿನಲ್ಲಿ ಔಷಧಿ ಉಳಿದಿತ್ತು. ಯಾವಾಗಲೂ ಒಂದಿಷ್ಟು ಹೆಚ್ಚೇ ತುಂಬಿಕೊಳ್ಳುತ್ತೇನಲ್ಲ ಎಂದುಕೊಂಡು ಚೆಲ್ಲಿದ್ದಳು. ಈಗ ಈ ಶೀಶೆಯನ್ನು ಮೇಡಂ ಮುಂದೆ ಇಟ್ಟರೆ ಅವಳ ಕೆಲಸ ಉಳಿಯುತ್ತದೆ. ಅವಳ ಬದಲು ಇಲಿತಾತ ಹೊರಗೆ ಹೋಗಬೇಕಾಗುತ್ತದೆ. ಅಷ್ಟೇ ಅಲ್ಲ, ತನ್ನ ಪುಟಾಣಿಯನ್ನು ಗ್ಯಾಸಿನ ಪೆಟ್ಟಿಗೆಗೆ ಕಳಿಸಿದ್ದು ತನ್ನದೇ ಆರೈಕೆ ಎಂದೂ ಅವನಿಗೆ ತಿಳಿಯುತ್ತದೆ.

“ಏನಿಲ್ಲ ತಾತ. ಮುಚ್ಚಳ ಸಡಿಲವಾಗಿತ್ತು.” ಅವಳು ಅದನ್ನು ಬಿಗಿಯಾಗಿ ತಿರುಗಿಸಿ, ಲೋಟದ ಹಿಂದಕ್ಕೆ ಸರಿಸಿದಳು.

ಕೆಲಸ ಹೋದ ಸುದ್ದಿ ಆಗಲೇ ಅವನ ಕಿವಿಗೆ ಬಿದ್ದಿತ್ತು. ಅವನು ಮೊಳೆಗೆ ನೇತುಹಾಕಿದ್ದ ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು ಅವಳ ಕೈಗಿಟ್ಟ. ಅವನ ಉಗುರಿನ ಸಂದಿಯಲ್ಲಿ ನೇರಳೆ ಇನ್ನೂ ಹೋಗಿರಲಿಲ್ಲ.