ಒಂದು ಗಾಜು ಉಚಿತ

ಹನ್ನೊಂದು ವರ್ಷ ಒಂದು ಸ್ವಚ್ಛತಾ ಕಂಪನಿಯಲ್ಲಿ ಕಿಟಕಿ ಒರೆಸಿದ ಮೇಲೆ ನನಗೆ ಜ್ಞಾನೋದಯವಾಯಿತು. ಇನ್ನೊಬ್ಬರ ಕೈಕೆಳಗೆ ಕಿಟಕಿ ಒರೆಸಿದರೆ ಅದು ಕೂಲಿ, ನಮ್ಮ ಪಾಡಿಗೆ ನಾವೇ ಒರೆಸಿದರೆ ಅದು ಉದ್ಯಮ. ಈ ಮಾತನ್ನು ಮ್ಯಾನೇಜರ್ ಎದುರು ಎದೆಯುಬ್ಬಿಸಿ ಹೇಳಿ, ರಾಜೀನಾಮೆ ಪತ್ರವನ್ನು ಮೇಜಿನ ಮೇಲೆ ಬಿಸಾಕಿ ಬಂದೆ. ಆತ ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ. "ಒಂದು ತಿಂಗಳು ನಿಮ್ಮ ಜಾಗ ಹಾಗೇ ಇಟ್ಟಿರ್ತೀನಿ. ಒಂದನೇ ತಾರೀಕು ಸೋಮವಾರ, ಎಂಟು ಗಂಟೆಗೆ ಬರೋದಾದ್ರೆ ಬನ್ನಿ," ಎಂದ. ಬಂದರೆ ಯಾರ ಕೈಕೆಳಗೆ ಎಂಬುದನ್ನೂ ತಿಳಿಸಿದ. ಏಣಿಯನ್ನು ಗೋಡೆಗೆ ಹೇಗೆ ಒರಗಿಸಬೇಕೆಂದು ನಾನೇ ಕಲಿಸಿಕೊಟ್ಟ ಬೋಳುತಲೆಯವನು ಈಗ ಸೂಪರ್‌ವೈಸರ್ ಆಗಿದ್ದಾನಂತೆ. ಅವನ ಕೈಕೆಳಗೆ ದುಡಿಯುವುದಕ್ಕಿಂತ ಆ ಏಣಿಯಿಂದ ಬಿದ್ದು ಕಾಲು ಮುರಿದುಕೊಳ್ಳುವುದೇ ವಾಸಿ ಎಂದುಕೊಂಡೆ.

ಮನೆಯಲ್ಲಿ ನನ್ನ ಉದ್ಯಮಕ್ಕೆ ಅದ್ದೂರಿ ಸ್ವಾಗತ ಸಿಕ್ಕಿತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನದಿಂದ ನನ್ನನ್ನು 'ಮಾಲೀಕರು' ಎಂದು ಕರೆಯತೊಡಗಿದಳು.

"ಮಾಲೀಕರೇ, ನಿಮ್ಮ ಬಕೆಟ್ಟು ಅಡುಗೆಮನೆ ಬಾಗಿಲಿಗೆ ಅಡ್ಡ ಇದೆ. ಸ್ವಲ್ಪ ತೆಗೀತೀರಾ? ಅಥವಾ ಅದಕ್ಕೂ ಆಳು ಇಟ್ಟಿದ್ದೀರಾ?"

ತಿಂಗಳೊಳಗೆ ಮೂರು ಮನೆ ಖಾಯಂ ಆಗದಿದ್ದರೆ ತೆಪ್ಪಗೆ ಹಳೇ ಕೆಲಸಕ್ಕೆ ಹೋಗಬೇಕೆಂದು ಅವಳು ಷರತ್ತು ಹಾಕಿದಳು. ಮೂರು ಮನೆ ತಾನೇ, ನಾನು ನಕ್ಕು ಒಪ್ಪಿಕೊಂಡೆ. ನನ್ನ ತಲೆಯಲ್ಲಿ ಒಂದು ಉಪಾಯವಿತ್ತು.

ಕಿಟಕಿಯಲ್ಲಿ ನಾಲ್ಕು ಗಾಜಿದ್ದರೆ ಒಂದನ್ನು ಮಾತ್ರ ಬಿಟ್ಟಿಯಾಗಿ ಒರೆಸಿಕೊಟ್ಟು, ಫೋನ್ ನಂಬರಿನ ಚೀಟಿಯೊಂದನ್ನು ಬಾಗಿಲಿಗೆ ಸಿಕ್ಕಿಸಿ ಸುಮ್ಮನೆ ಬಂದುಬಿಡುವುದು. ಅದು ಹೊಳೆಯತೊಡಗಿದ ಮೇಲೆ ಉಳಿದ ಮೂರರ ಕೊಳೆ ತಾನಾಗಿಯೇ ಕಣ್ಣಿಗೆ ರಾಚುತ್ತದೆ. ಮನೆಯವರಿಗೆ ತಡೆಯಲಾಗದೆ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಇದೆಲ್ಲ ನಡೆಯಬೇಕಾದರೆ ಮನೆಯವರಿಗೆ ನಾಚಿಕೆ ಎಂಬುದು ಇರಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಬೀದಿಯ ಮೊದಲಲ್ಲೇ ದರ್ಜಿಯ ಅಂಗಡಿ. ಅವನು ನನ್ನ ಗಾಜು ನೋಡಿ ತುಂಬ ಸಂತೋಷಪಟ್ಟ. ಮರುದಿನ ಹೋದರೆ, ಹೊಸ ಕೋಟು ತೊಡಿಸಿದ್ದ ಗೊಂಬೆಯನ್ನು ಆ ಒಂದು ಗಾಜಿನ ಹಿಂದೆ ನಿಲ್ಲಿಸಿ, ಉಳಿದ ಮೂರಕ್ಕೂ ಬೀರು ಅಡ್ಡ ಇಟ್ಟಿದ್ದ. "ಒಂದು ಗೊಂಬೆಗೆ ಒಂದು ಗಾಜು ಸಾಕು ಕಣಣ್ಣ," ಎಂದು ಹಲ್ಲು ಕಿರಿದ.

ಪಕ್ಕದ ಮನೆಯ ವಕೀಲರು ಕನ್ನಡಕ ಏರಿಸಿಕೊಂಡೇ ಹೊರಗೆ ಬಂದರು. "ನನ್ನ ಅನುಮತಿ ಇಲ್ಲದೆ ನನ್ನ ಗಾಜು ಮುಟ್ಟಿದ್ದೀರಿ. ನೋಟೀಸ್ ಕೊಡಬಹುದು, ಗೊತ್ತಾ?" ನಾನು ಬೆವತೆ. ಅವರು ದೊಡ್ಡ ಮನಸ್ಸು ಮಾಡಿದರು. "ಹೋಗ್ಲಿ ಬಿಡಿ. ಉಳಿದ ಮೂರನ್ನೂ ಹೀಗೇ ಬಿಟ್ಟಿ ಒರೆಸಿಬಿಡಿ, ರಾಜಿ ಮಾಡ್ಕೊಳೋಣ." ನಾನು ಬಕೆಟ್ ಎತ್ತಿಕೊಂಡು ಕಾಲಿಗೆ ಬುದ್ಧಿ ಹೇಳಿದೆ.

ಹೀಗೆ ಮೂರು ವಾರದಲ್ಲಿ ಇಪ್ಪತ್ತೆರಡು ಕಿಟಕಿಗಳಲ್ಲಿ ಇಪ್ಪತ್ತೆರಡು ಗಾಜು ಹೊಳೆದವು. ಕರೆದವರು ಒಬ್ಬರೂ ಇಲ್ಲ. ತಿಂಗಳ ಕೊನೆಯ ಶನಿವಾರ ಬೆಳಗ್ಗೆ, ಇನ್ನೇನು ಮಾಲೀಕರ ಪಟ್ಟ ಬಿಟ್ಟುಕೊಡಬೇಕು ಎನ್ನುವಾಗ, ಮೂಲೆಮನೆ ಯಜಮಾನಿಯಿಂದ ಫೋನ್ ಬಂತು. ಈಕೆಯನ್ನು ಯಾರೂ ಆರಿಸದಿದ್ದರೂ ಆ ಬೀದಿಗೆ ಈಕೆಯೇ ಅಧ್ಯಕ್ಷೆ. ಈಕೆ ಹೂಂ ಅಂದರೆ ಬೀದಿಯೆಲ್ಲ ಹೂಂ ಅನ್ನುತ್ತದೆ. ಹತ್ತು ದಿನದ ಹಿಂದೆ ಅವರ ಮಹಡಿಯ ಕಿಟಕಿಗೆ ಏಣಿ ಹಾಕಿ ಹೊರಗಿನಿಂದ ಒಂದು ಗಾಜು ಒರೆಸಿ ಬಂದಿದ್ದೆ. ಕೊನೆಗೂ ಉಪಾಯ ಫಲಿಸಿತೆಂದು ಏಣಿ ಹೊತ್ತು ಓಡಿದೆ.

ಆಕೆ ಗೇಟಿನಲ್ಲೇ ನಿಂತಿದ್ದಳು. ಕೈಯಲ್ಲಿ ಒಂದು ಡಬ್ಬಿ, ಒಂದು ಬ್ರಷ್ಷು.

"ನಿಮಗೆ ಯಾರ್ರೀ ಹೇಳಿದ್ದು ಆ ಗಾಜು ಒರೆಸಿ ಅಂತ?"

"ಉಚಿತ ಸೇವೆ ಅಮ್ಮಾ," ಎಂದೆ.

"ಆ ರೂಮಲ್ಲಿ ನಮ್ಮ ಮಾವ ಮಲಗಿರ್ತಾರೆ. ಸೊಂಟ ಬಿದ್ದು ಆರು ವರ್ಷ ಆಯ್ತು. ಆರು ವರ್ಷದಿಂದ ತುಟಿ ಪಿಟಕ್ ಅಂದಿರಲಿಲ್ಲ. ನೀವು ಒರೆಸಿ ಹೋದ ದಿನದಿಂದ ಶುರುವಾಯ್ತು ನೋಡಿ! ನಾನು ಎದುರುಮನೇಲಿ ಎಷ್ಟು ಹೊತ್ತು ಕೂತಿದ್ದೆ, ನಮ್ಮನೆಯವರು ಮೂಲೇಲಿ ನಿಂತು ಎಷ್ಟು ಸಿಗರೇಟು ಸೇದಿದ್ರು, ಕೆಲಸದವಳು ಯಾವ ಚೀಲ ಹಿಡ್ಕೊಂಡು ಹೋದ್ಲು, ಎಲ್ಲ ವರದಿ! ಮೊನ್ನೆ ದರ್ಜಿ ಅಂಗಡಿ ಗೊಂಬೆ ಕೋಟಿಗೆ ಒಂದು ಗುಂಡಿ ಕಮ್ಮಿ ಇದೆ ಅಂತ ಊಟಾನೇ ಬಿಟ್ಟು ಕೂತಿದ್ರು."

ನನಗೆ ಒಳಗೊಳಗೇ ಖುಷಿಯಾಯಿತು. ಗುಂಡಿ ಕಾಣುವಷ್ಟು ಚೆನ್ನಾಗಿ ಒರೆಸಿದ್ದೇನೆ!

"ಆ ಗಾಜನ್ನ ಮೊದಲಿನ ಥರ ಮಾಡಿಕೊಡಿ," ಎಂದು ಆಕೆ ಡಬ್ಬಿ ಮುಂದೆ ಚಾಚಿದಳು. ಗೋಡೆಗೆ ಬಳಿದು ಉಳಿದ ಬಿಳಿ ಬಣ್ಣಕ್ಕೆ ನೀರು ಬೆರೆಸಿದ್ದಳು. ಕಿಟಕಿ ಒರೆಸುವವನಿಗೆ ಸಿಕ್ಕ ಮೊದಲ ಗಿರಾಕಿ ಕಿಟಕಿಯನ್ನು ಕೊಳೆ ಮಾಡಿಸಲು ಕರೆದಿದ್ದಳು.

"ಒಳಗಿಂದ ಒಂದು ಪರದೆ ಹಾಕಿದ್ರೆ ಆಗ್ತಿತ್ತಲ್ಲ ಅಮ್ಮಾ?"

"ಪರದೆ ಹಾಕಿದ್ರೆ ಮಾವನ ಕಿಟಕಿ ಮುಚ್ಚಿದ್ಲು ಅಂತ ಬೀದಿಯೆಲ್ಲ ಆಡಿಕೊಳ್ಳುತ್ತೆ. ಕೊಳೆ ಆದ್ರೆ ಯಾರು ಏನಂತಾರೆ? ಎಲ್ಲರ ಮನೆ ಕಿಟಕೀನೂ ಹಾಗೇ ಇದೆ." ಆಮೇಲೆ ದನಿ ತಗ್ಗಿಸಿದಳು. "ಇದೊಂದು ಮಾಡಿಕೊಡಿ. ಕೆಳಗಿನ ಕಿಟಕಿಗಳೆಲ್ಲ ತಿಂಗಳಿಗೆರಡು ಸಲ ನಿಮಗೇ. ಎದುರುಮನೆಗೂ ಅದರ ಪಕ್ಕದ ಮನೆಗೂ ನಾನೇ ಹೇಳ್ತೀನಿ."

ಮೂರು ಮನೆ! ಬೋಳುತಲೆಯವನ ಮುಖ ಕಣ್ಣ ಮುಂದೆ ಬಂತು. ನಾನು ಯೋಚಿಸಲೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಆದರೆ ಬಹಳ ಹೊತ್ತು ಯೋಚಿಸಲಿಲ್ಲ. ಅಭ್ಯಾಸಬಲದಿಂದ ನನ್ನ ನೀರಿನ ಬಕೆಟ್ಟನ್ನೂ ಏಣಿಯ ಕೊಕ್ಕೆಗೆ ನೇತುಹಾಕಿ, ಡಬ್ಬಿ ಹಿಡಿದು ಹತ್ತಿದೆ. ಆಕೆ ಕೆಳಗೆ ಏಣಿ ಹಿಡಿದುಕೊಂಡಳು.

ಮುದುಕ ಎರಡು ದಿಂಬಿಗೆ ಒರಗಿ ಗಾಜಿನ ಆಚೆ ಕೂತಿದ್ದ. ಒಳಗಿನಿಂದ ನಾಲ್ಕೂ ಗಾಜನ್ನು ಕೈ ಎಟುಕುವಷ್ಟು ಟವೆಲ್ಲಿನಿಂದ ತಾನೇ ಒರೆಸಿಟ್ಟಿದ್ದ. ಪಾಪ, ಕೊಳೆಯೆಲ್ಲ ಇದ್ದದ್ದು ಹೊರಗೆ. ನನ್ನನ್ನು ಕಂಡದ್ದೇ ಮುಖ ಅರಳಿಸಿ ಕೈ ಎತ್ತಿದ. ನಾನು ತಲೆ ತಗ್ಗಿಸಿ ಗಾಜಿಗೆ ಬಣ್ಣ ಬಳಿದೆ.

ಅವನು ಗಾಬರಿಯಾಗಲಿಲ್ಲ. ಕಳೆದ ಸಲ ನಾನು ಒರೆಸುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದನಲ್ಲ. ಮೊದಲು ಸೋಪಿನ ನೊರೆ ಬಳಿದು ಗಾಜೆಲ್ಲ ಬೆಳ್ಳಗಾಗುತ್ತದೆ, ಆಮೇಲೆ ವೈಪರ್ ಎಳೆದರೆ ಬೀದಿ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ಇದೂ ನೊರೆಯೇ ಎಂದುಕೊಂಡು ವೈಪರ್‌ಗಾಗಿ ಕಾಯುತ್ತಿದ್ದ. ನಾನು ಮುಕ್ಕಾಲು ಗಾಜು ಮುಚ್ಚಿದಾಗ, ಒಳಗಿನಿಂದ ಗಾಜಿನ ಮೇಲೆ ಬೆರಳಿಟ್ಟು ಟಕ್ ಟಕ್ ಬಡಿದ. ಅಲ್ಲೊಂದು ಮೂಲೆ ಬಿಟ್ಟುಹೋಗಿದೆ, ಹಾಕು ಎಂದು ತೋರಿಸುತ್ತಿದ್ದ.

ಹನ್ನೊಂದು ವರ್ಷದಲ್ಲಿ ನನ್ನ ಕೆಲಸವನ್ನು ಹೀಗೆ ನಂಬಿದವರು ಯಾರೂ ಇರಲಿಲ್ಲ. ನನಗೆ ನಾಚಿಕೆಯಾಯಿತು. ಬ್ರಷ್ಷನ್ನು ಡಬ್ಬಿಯೊಳಗೆ ತುರುಕಿ, ಒದ್ದೆ ಬಟ್ಟೆಯಿಂದ ಬಣ್ಣವನ್ನೆಲ್ಲ ತೆಗೆದೆ. ಆಮೇಲೆ ನೊರೆ ಹಾಕಿದೆ, ವೈಪರ್ ಎಳೆದೆ. ಅಷ್ಟಕ್ಕೇ ನಿಲ್ಲಿಸದೆ ಪಕ್ಕದ ಗಾಜಿಗೂ ಕೈ ಹಾಕಿದೆ. ಆಮೇಲೆ ಮೇಲಿನ ಎರಡಕ್ಕೂ. ಮುದುಕ ಒಂದೊಂದರಲ್ಲೂ ಉಳಿದ ಚುಕ್ಕೆ ತೋರಿಸಿದ, ನಾನು ಒಂದೊಂದನ್ನೂ ಒರೆಸಿದೆ. ಗಿರಾಕಿ ಸ್ವಲ್ಪ ಕಿರಿಕಿರಿಯವನೇ.

"ಏನ್ರೀ ಮಾಡ್ತಿದೀರಿ? ತಲೆ ಕೆಟ್ಟಿದೆಯಾ?" ಎಂದು ಕೆಳಗಿನಿಂದ ಕಿರುಚಿದ ಯಜಮಾನಿ ಏಣಿ ಬಿಟ್ಟು ದೂರ ಸರಿದು ನಿಂತಳು. ನಾನು ಬಿದ್ದರೆ ಬೀಳಲಿ ಎಂಬ ಉದಾರ ಮನಸ್ಸು. ಹೇಗೋ ಇಳಿದೆ. "ಇನ್ನು ಈ ಬೀದಿಗೆ ಕಾಲಿಟ್ಟರೆ ನೋಡಿ!" ಎಂದಳು. ಹೊರಡುವಾಗ ಎದುರುಮನೆಯ ಬಾಗಿಲೂ ಅದರ ಪಕ್ಕದ ಮನೆಯ ಬಾಗಿಲೂ ದಡಾರೆಂದು ಮುಚ್ಚಿಕೊಂಡವು. ಅಧ್ಯಕ್ಷೆಯ ಆಡಳಿತ ಅಷ್ಟು ಚುರುಕು.

ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ ಒಂದು ವ್ಯಂಗ್ಯವನ್ನೂ ಆಡಲಿಲ್ಲ. ಪೆಟ್ಟಿಗೆಯಿಂದ ಕಂಪನಿಯ ಅಂಗಿ ತೆಗೆದು ಇಸ್ತ್ರಿ ಮಾಡಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

ಸೋಮವಾರ ಎಂಟಕ್ಕೆ ಬೋಳುತಲೆಯವನ ಮುಂದೆ ನಿಂತೆ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಸ್ವಂತವಾಗಿ ಎಷ್ಟು ಕಿಟಕಿ ಮಾಡಿದ್ರಿ?" ಎಂದು ಕೇಳಿದ.

"ಒಂದು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿಯುವವರೆಗೆ ಕಾದು, ಆ ಬೀದಿ ಯಾವುದೆಂದು ಹೇಳಿದೆ.

"ಅಲ್ಲಿ ಮೂಲೆಮನೆ ದಾಟುವಾಗ ಅಂಗಿ ಗುಂಡಿ ಸರಿಯಾಗಿ ಹಾಕ್ಕೊಂಡು ಹೋಗು," ಎಂದೆ. "ಮೇಲಿಂದ ಒಬ್ಬರು ನೋಡ್ತಾ ಇರ್ತಾರೆ."